ಅರ್ಧ ಹೆಸರಿನ ಹುಳಗಳು

ಜರಡಿಯ ಮೇಲೆ ಉಳಿದದ್ದು ಒಂದು ಬೊಗಸೆಯಷ್ಟು ಮಾತ್ರ. ಚಿಪ್ಪಿನ ಚೂರು, ಕೊಳೆತ ಎಲೆ, ದಪ್ಪ ಮರಳು. ಅದರ ನಡುವೆ ದಾರದ ತುಂಡಿನ ಹಾಗೆ ಏನೋ ಅಲುಗಾಡುತ್ತಿತ್ತು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಸುಂಕೇರಿ ಹತ್ತಿರ, ದೋಣಿಯಲ್ಲಿ ಕೂತು ನಾನು ಮೊದಲ ಸಲ ಕೆಸರು ಸೋಸಿದ ಬೆಳಿಗ್ಗೆ ಅದು.

"ಇಷ್ಟೇನಾ ಮೇಡಂ?" ಅಂದೆ.

"ಇಷ್ಟನ್ನ ಗುರುತಿಸೋಕೇ ನಿನಗೆ ಆರು ತಿಂಗಳು ಬೇಕಮ್ಮ," ಅಂದರು ನಮ್ಮ ಗೈಡ್ ಮೇಡಂ.

ಅವರು ಹೇಳಿದ ಹಾಗೇ ಆಯಿತು. ಎಂ.ಎಸ್ಸಿ. ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ಪಾಲಿಕೀಟ್‌ಗಳ ಮೇಲೆ. ಅಂದರೆ ಸಮುದ್ರದ ಬಿರುಗೂದಲಿನ ಹುಳಗಳು. ಮೈಯೆಲ್ಲ ಉಂಗುರ ಉಂಗುರ. ಪ್ರತಿ ಉಂಗುರದ ಎರಡೂ ಪಕ್ಕದಲ್ಲಿ ಬಿರುಗೂದಲಿನ ಕಟ್ಟು. ಪಾಲಿಕೀಟ್ ಅನ್ನುವ ಗ್ರೀಕ್ ಮಾತಿನ ಅರ್ಥವೇ 'ಬಹಳ ಕೂದಲು' ಅಂತ. ಜಗತ್ತಿನಲ್ಲಿ ಇಲ್ಲಿಯವರೆಗೆ ಹೆಸರಿಟ್ಟ ಜಾತಿಗಳೇ 10,000ಕ್ಕೂ ಜಾಸ್ತಿ. ನನ್ನ ಕೆಲಸ ಇಷ್ಟೇ: ನಮ್ಮ ಅಳಿವೆಯ ಕೆಸರಲ್ಲಿ ಅವುಗಳಲ್ಲಿ ಯಾವ್ಯಾವುದಿವೆ ಅಂತ ಹೇಳಬೇಕು.

ಕೆಸರು ಎತ್ತಲು ಗ್ರ್ಯಾಬ್ ಅಂತ ಒಂದು ಉಪಕರಣ ಇದೆ. ಎರಡು ಕಬ್ಬಿಣದ ದವಡೆ. ಹಗ್ಗ ಕಟ್ಟಿ ಇಳಿಬಿಟ್ಟರೆ ತಳ ಮುಟ್ಟುತ್ತದೆ, ಎಳೆದರೆ ದವಡೆ ಮುಚ್ಚಿಕೊಂಡು ಕೆಸರನ್ನು ಕಚ್ಚಿ ತರುತ್ತದೆ. ನಮ್ಮದು ಚಿಕ್ಕದು, ಒಂದು ಸಲಕ್ಕೆ 0.04 ಚದರ ಮೀಟರ್ ಜಾಗ ಎತ್ತುವಂಥದ್ದು. ಆ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಅಳಿವೆಯ ನೀರಿನಿಂದಲೇ ತೊಳೆಯಬೇಕು. ಜೋರಾಗಿ ನೀರು ಬಿಟ್ಟರೆ ಹುಳ ಹರಿದುಹೋಗುತ್ತವೆ. ಹಾಗಾಗಿ ಜರಡಿಯನ್ನು ನೀರಲ್ಲಿ ಅರ್ಧ ಮುಳುಗಿಸಿ, ಅಕ್ಕಿ ತೊಳೆದ ಹಾಗೆ ಮೆಲ್ಲಗೆ ಆಡಿಸಬೇಕು. ದೋಣಿಯ ಅಣ್ಣ ನನ್ನ ಕೈ ನೋಡಿ, "ಅವಸರ ಮಾಡಬೇಡ ತಂಗಿ, ಇಳಿತ ಇನ್ನೂ ಎರಡು ತಾಸು ಇದೆ," ಅಂದ.

ಆ ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಜರಡಿಯಲ್ಲಿ ಉಳಿದದ್ದನ್ನು ನೇರವಾಗಿ ಫಾರ್ಮಲಿನ್‌ಗೆ, ಅಂದರೆ ಹುಳ ಕೆಡದ ಹಾಗೆ ಇಡುವ ದ್ರಾವಣಕ್ಕೆ, ಹಾಕಿಬಿಟ್ಟೆ. ಫಾರ್ಮಲಿನ್ ತಾಗಿದ ಕೂಡಲೇ ಹುಳಗಳು ಸುರುಳಿ ಸುತ್ತಿಕೊಂಡವು. ಎಷ್ಟೋ ಹುಳ ತಮ್ಮನ್ನು ತಾವೇ ತುಂಡು ಮಾಡಿಕೊಂಡವು. ಆಮೇಲೆ ಕಲಿತೆ: ಮೊದಲು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ನೀರಲ್ಲಿ ಸ್ವಲ್ಪ ಹೊತ್ತು ಬಿಡಬೇಕು. ಅದರಲ್ಲಿ ಹುಳದ ಮೈ ಸಡಿಲವಾಗುತ್ತದೆ, ನೋವಿಲ್ಲದೆ ಮಲಗಿದ ಹಾಗೆ. ಆಮೇಲೆ ಫಾರ್ಮಲಿನ್. ಎರಡನೇ ಟ್ರಿಪ್‌ನಿಂದ ಹಾಗೇ ಮಾಡಿದೆ. ಆದರೆ ಮೊದಲ ಟ್ರಿಪ್‌ನ ತುಂಡುಗಳು ನನ್ನನ್ನು ಕೊನೆಯವರೆಗೂ ಕಾಡಿದವು. ಅದನ್ನು ಮುಂದೆ ಹೇಳುತ್ತೇನೆ.

ಲ್ಯಾಬ್‌ನಲ್ಲಿ ಎಲ್ಲವೂ ಗುಲಾಬಿ ಬಣ್ಣ. ರೋಸ್ ಬೆಂಗಾಲ್ ಅನ್ನುವ ಬಣ್ಣ ಬೆರೆಸಿರುತ್ತೇವೆ, ಜೀವವಿದ್ದದ್ದು ಮಾತ್ರ ಗುಲಾಬಿಯಾಗಿ ಎದ್ದು ಕಾಣಲಿ ಅಂತ. ಬಿಳಿ ಟ್ರೇಯಲ್ಲಿ ಹರಡಿ, ಚಿಮಟದಿಂದ ಒಂದೊಂದೇ ಹೆಕ್ಕಬೇಕು. ಲೆಕ್ಕಕ್ಕೆ ಒಂದು ನಿಯಮ ಇದೆ: ತಲೆ ಇದ್ದರೆ ಮಾತ್ರ ಒಂದು ಹುಳ. ಬಾಲ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಮೂರು ತುಂಡಾದ ಒಂದೇ ಹುಳ ಮೂರಾಗಿಬಿಡುತ್ತದೆ.

ಹಾವೇರಿ ಕಡೆಯ ನಮ್ಮ ಊರಿಂದ ಅಪ್ಪ ಫೋನ್ ಮಾಡಿದಾಗ, "ಏನ್ ಮಾಡಾಕತ್ತೀಯವಾ?" ಅಂದರು. ಹುಳ ಎಣಿಸ್ತಿದ್ದೀನಿ ಅಂದೆ. "ಎರೆಹುಳಾನ?" ಅಂದರು. ಅಲ್ಲ ಅಪ್ಪಾ, ಸಮುದ್ರದ ಹುಳ, ಬೇರೆ ಅಂದೆ. ಆ ಉತ್ತರ ಪೂರ್ತಿ ಸರಿಯಿರಲಿಲ್ಲ ಅಂತ ತಿಂಗಳುಗಳಾದ ಮೇಲೆ ಗೊತ್ತಾಯಿತು.

ಗುರುತಿಸುವುದು ಅಂದರೆ 'ಕೀ' ಹಿಡಿದುಕೊಂಡು ನಡೆಯುವುದು. ಕೀ ಅಂದರೆ ಕವಲುದಾರಿಗಳ ಸಾಲು. ತಲೆಯ ಮೇಲೆ ಮೀಸೆಯಂಥ ಎಳೆಗಳಿವೆಯಾ, ಇಲ್ಲವಾ? ಇದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ದವಡೆ ಇದೆಯಾ? ಕಿವಿರು ಎಲ್ಲಿಂದ ಶುರು? ಒಂದೊಂದು ಪ್ರಶ್ನೆಗೂ ಹುಳವನ್ನು ಮತ್ತೆ ಮೈಕ್ರೋಸ್ಕೋಪಿನ ಕೆಳಗೆ ತಿರುಗಿಸಿ ನೋಡಬೇಕು. ಒಂದು ಕವಲಿನಲ್ಲಿ ತಪ್ಪಿದರೆ ಮುಂದಿನ ದಾರಿಯೆಲ್ಲ ತಪ್ಪು. ನಮ್ಮ ಮೇಜಿನ ಮೇಲೆ ಮೂರು ಪುಸ್ತಕಗಳ ಜೆರಾಕ್ಸ್ ಪ್ರತಿಗಳಿದ್ದವು. ಫ್ರಾನ್ಸಿನ ಪಿಯರ್ ಫೋವೆಲ್ 1953ರಲ್ಲಿ ಭಾರತ ಮತ್ತು ಸುತ್ತಲಿನ ದೇಶಗಳ ಪಾಲಿಕೀಟ್‌ಗಳ ಬಗ್ಗೆ ಬರೆದು, ಅಲಹಾಬಾದಿನಲ್ಲಿ ಅಚ್ಚಾದದ್ದು. ಜೆ. ಎಚ್. ಡೇ 1967ರಲ್ಲಿ ದಕ್ಷಿಣ ಆಫ್ರಿಕಾದ ಹುಳಗಳ ಬಗ್ಗೆ ಬರೆದ ಎರಡು ಭಾಗ. ಕ್ರಿಸ್ಟಿಯನ್ ಫೌಚಾಲ್ಡ್ 1977ರಲ್ಲಿ ಇಡೀ ಜಗತ್ತಿನ ಕುಟುಂಬ, ಕುಲಗಳಿಗೆ (ಹತ್ತಿರದ ಜಾತಿಗಳು ಸೇರಿ ಕುಲ, ಕುಲಗಳು ಸೇರಿ ಕುಟುಂಬ) ಮಾಡಿದ ಕೀ. ಈ ಮೂರೂ ಇಲ್ಲದೆ ನಮ್ಮ ದೇಶದಲ್ಲಿ ಪಾಲಿಕೀಟ್ ಕೆಲಸ ಕಲಿತವರು ಕಡಿಮೆ.

ಮೊದಲ ವಾರ ಎಲ್ಲವೂ ಒಂದೇ ಥರ ಕಂಡವು. ಎರಡನೇ ತಿಂಗಳಲ್ಲಿ ಕುಟುಂಬ ಮಾತ್ರ ದೂರದಿಂದಲೇ ಗೊತ್ತಾಗತೊಡಗಿತು, ಸಂತೆಯಲ್ಲಿ ನಡಿಗೆ ನೋಡಿಯೇ ಊರವರನ್ನು ಗುರುತು ಹಿಡಿದ ಹಾಗೆ. ಚೂಪು ಮೂತಿ, ತುದಿಯಲ್ಲಿ ನಾಲ್ಕು ಪುಟ್ಟ ಮೀಸೆ ಇದ್ದರೆ ಗ್ಲೈಸೆರಾ. ಒಂದು ಗ್ಲೈಸೆರಾ ಸಾಯುವಾಗ ತನ್ನ ಗಂಟಲನ್ನು ಪೂರ್ತಿ ಹೊರಗೆ ಚಾಚಿತ್ತು. ತುದಿಯಲ್ಲಿ ನಾಲ್ಕು ಕಪ್ಪು ಕೊಕ್ಕೆ. ಆ ಕೊಕ್ಕೆಗಳಲ್ಲಿ ತಾಮ್ರದ ಖನಿಜ ಇದೆ ಅಂತ ಓದಿದ್ದೆ. ಬೆರಳುದ್ದದ ಹುಳ ಕೆಸರಿನಿಂದ ತಾಮ್ರ ಕೂಡಿಸಿ ಹಲ್ಲು ಮಾಡಿಕೊಳ್ಳುತ್ತದೆ! ಆ ಸಂಜೆ ಹಾಸ್ಟೆಲಿಗೆ ಹೋಗುವಾಗ ಇಡೀ ದಾರಿ ಅದನ್ನೇ ಯೋಚಿಸಿದೆ.

ಆದರೆ ನನಗೆ ಜಾಸ್ತಿ ಇಷ್ಟವಾದದ್ದು ನೆರೀಡಿಡೇ ಕುಟುಂಬ. ಸುಂಕೇರಿ ಕಡೆಯ ಕಲ್ಲುಗಳಿಗೆ ಅಂಟಿದ ಸಿಂಪಿಗಳ ಸಂದಿಯಲ್ಲಿ ಸಿಕ್ಕ ಹಸಿರು ಛಾಯೆಯ ಹುಳ ಅದು. ಇವುಗಳ ಗಂಟಲು ಒಳಗೆ ಮಡಿಚಿಕೊಂಡಿರುತ್ತದೆ. ಬೇಟೆ ಹಿಡಿಯುವಾಗ ಚೀಲ ತಿರುವಿ ಹಾಕಿದ ಹಾಗೆ ಹೊರಗೆ ಬರುತ್ತದೆ. ಅದರ ಮೇಲೆ ಎರಡು ದವಡೆ, ಸುತ್ತಲೂ ಕಂದು ಬಣ್ಣದ ಪುಟ್ಟ ಪುಟ್ಟ ಮುಳ್ಳು. ಪ್ಯಾರಾಗ್ನಾತ್ ಅಂತಾರೆ. ಆ ಮುಳ್ಳುಗಳು ಎಲ್ಲಿ, ಎಷ್ಟು, ಯಾವ ಆಕಾರ ಅನ್ನುವುದರ ಮೇಲೆ ಹುಳದ ಹೆಸರು ನಿಂತಿದೆ. ಗಂಟಲನ್ನು ಎಂಟು ವಲಯಗಳಾಗಿ ಭಾಗ ಮಾಡಿ, ರೋಮನ್ ಅಂಕಿ ಕೊಟ್ಟಿದ್ದಾರೆ. ಒಂದರಿಂದ ನಾಲ್ಕು ದವಡೆಯ ಕಡೆ, ಐದರಿಂದ ಎಂಟು ಬಾಯಿಯ ಕಡೆ.

ನನ್ನ ಹುಳದ ಗಂಟಲು ಒಳಗೇ ಇತ್ತು. ಕೊಯ್ಯಲೇಬೇಕು. ಮೇಡಂ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಹುಳವನ್ನು ಅಂಗಾತ ಮಲಗಿಸು. ಕೆಳಭಾಗದಲ್ಲಿ, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ಸಣ್ಣ ಕತ್ತರಿಯಿಂದ ಸೀಳು. ಸರಿಯಾಗಿ ನಡುವೆ ಸೀಳಿದರೆ ಅಲ್ಲಿನ ಮುಳ್ಳುಗಳೇ ಹಾಳಾಗುತ್ತವೆ. ಕೈ ನಡುಗುತ್ತಿತ್ತು. ಸೀಳಿ, ಎರಡೂ ಬದಿ ಬಿಡಿಸಿ, ಪಿನ್ನಿನಿಂದ ಒತ್ತಿ ಹಿಡಿದೆ. ಬೆಳಕು ಸರಿ ಮಾಡಿದೆ. ಸಾಲು ಸಾಲಾಗಿ ಮುಳ್ಳುಗಳು, ಸುಟ್ಟ ಎಳ್ಳಿನ ಹಾಗೆ. ಆರನೇ ವಲಯಕ್ಕೆ ಬಂದಾಗ ಉಸಿರು ಹಿಡಿದೆ. ಉಳಿದ ಕಡೆ ಚೂಪು ಕೋನದಂಥ ಮುಳ್ಳು. ಇಲ್ಲಿ ಮಾತ್ರ ಎರಡೂ ಬದಿಗೆ ಒಂದೊಂದು ಅಡ್ಡಪಟ್ಟಿ, ಅರ್ಧಚಂದ್ರದ ಹಾಗೆ ಸ್ವಲ್ಪ ಬಾಗಿದ್ದು. ಅಂದರೆ ಪೆರಿನೆರೀಸ್ ಕುಲ. ಆರನೇ ವಲಯದಲ್ಲೂ ಬರೀ ಕೋನಗಳಿದ್ದಿದ್ದರೆ ದಾರಿ ನೆರೀಸ್ ಕಡೆ ಹೋಗುತ್ತಿತ್ತು. ಒಂದು ಪಟ್ಟಿ, ಕೂದಲೆಳೆಗಿಂತ ಸ್ವಲ್ಪ ದಪ್ಪ. ಅಷ್ಟರಿಂದ ಕುಲ ಬದಲಾಗುತ್ತದೆ.

ಆಮೇಲೆ ಪಕ್ಕದ ಹುಟ್ಟುಗಳು. ಪ್ಯಾರಪೋಡಿಯಾ ಅಂತಾರೆ. ಅದನ್ನು ಕಾಲು ಅನ್ನುವುದಕ್ಕಿಂತ ದೋಣಿಯ ಹುಟ್ಟು ಅನ್ನುವುದೇ ಸರಿ ಅನಿಸುತ್ತದೆ ನನಗೆ, ಹುಳ ಅದರಿಂದ ಈಜುತ್ತದೆ ಕೂಡ. ಒಂದನ್ನು ಕತ್ತರಿಸಿ ಗ್ಲಿಸರಿನ್ ಹನಿಯಲ್ಲಿಟ್ಟು ದೊಡ್ಡದು ಮಾಡಿ ನೋಡಿದರೆ ಬಿರುಗೂದಲುಗಳ ನಿಜ ರೂಪ ಕಾಣುತ್ತದೆ. ಪ್ರತಿಯೊಂದೂ ಎರಡು ಭಾಗ: ಹಿಡಿ, ಅದರ ತುದಿಗೆ ಸಿಕ್ಕಿಸಿದ ಅಲಗು. ಕೆಲವು ದಬ್ಬಣದ ಹಾಗೆ ಉದ್ದ. ಕೆಲವು ನಮ್ಮ ಕುಡುಗೋಲಿನ ಹಾಗೆ ಗಿಡ್ಡ, ಬಾಗಿದ್ದು. ಈ ಎರಡನೆಯದಕ್ಕೆ ಪುಸ್ತಕದಲ್ಲಿ ಇರುವ ಲ್ಯಾಟಿನ್ ಮೂಲದ ಹೆಸರಿನ ಅರ್ಥವೂ ಕುಡುಗೋಲು ಹೊತ್ತದ್ದು ಅಂತಲೇ. ಒಕ್ಕಲುತನದ ಮನೆಯವಳಿಗೆ ಅದು ಎರಡನೇ ಸಲ ಓದಬೇಕಾಗಲಿಲ್ಲ.

ಕೀ ನನ್ನನ್ನು ಪೆರಿನೆರೀಸ್ ಕಲ್ಟ್ರಿಫೆರಾ ಅನ್ನುವ ಹೆಸರಿಗೆ ತಲುಪಿಸಿತು. ಫೋವೆಲ್ ಪುಸ್ತಕದಲ್ಲೂ ಇತ್ತು. ಖುಷಿಯಿಂದ ಲೇಬಲ್ ಬರೆದೆ. ಮೇಡಂ ಅದನ್ನು ನೋಡಿ ಏನೂ ಹೇಳಲಿಲ್ಲ. "ಆ ಹೆಸರು ಯಾವ ಊರಿನ ಹುಳಕ್ಕೆ ಇಟ್ಟದ್ದು, ಹುಡುಕು," ಅಂದರು.

ಹುಡುಕಿದೆ. ಗ್ರೂಬೆ ಅನ್ನುವ ಜರ್ಮನ್ ವಿಜ್ಞಾನಿ 1840ರಲ್ಲಿ ಇಟ್ಟ ಹೆಸರು. ಹುಳ ಇಟಲಿಯ ನೇಪಲ್ಸ್ ಕಡೆಯದು. 1850ರಲ್ಲಿ ಪಾಲಿಕೀಟ್ ಅನ್ನುವ ಗುಂಪಿಗೆ ಹೆಸರು ಕೊಟ್ಟವರೂ ಇವರೇ. ನೇಪಲ್ಸಿನ ಸಮುದ್ರದ ಹುಳ ಕಾಳಿ ನದಿಯ ಸಿಂಪಿ ಸಂದಿಗೆ ಹೇಗೆ ಬಂತು? ಬಂದಿರಲಾರದು ಅಲ್ವಾ? ಬಹುಶಃ ಅದರ ದೂರದ ನೆಂಟ. ಮುಳ್ಳುಗಳ ಲೆಕ್ಕ ಮಾತ್ರ ಹೊಂದುತ್ತದೆ.

ಇಲ್ಲಿಂದ ನನ್ನ ಕೆಲಸದ ದಿಕ್ಕೇ ಬೇರೆಯಾಯಿತು. ಪಟ್ಟಿಯಲ್ಲಿದ್ದ ಪ್ರತಿ ಹೆಸರಿನ ತವರೂರು ಹುಡುಕತೊಡಗಿದೆ. ಮಾರ್ಫೀಸಾ ಸಾಂಗ್ವಿನಿಯಾ ಅಂತ ನಮ್ಮ ದೇಶದ ಎಷ್ಟೋ ಪಟ್ಟಿಗಳಲ್ಲಿ ಇದೆ. ಅದು ಇಂಗ್ಲೆಂಡಿನ ಡೆವನ್ ಕರಾವಳಿಯದು. ಪಾರಾಪ್ರಿಯೋನೋಸ್ಪಿಯೋ ಪಿನ್ನಾಟಾ ಅಂತ ನಮ್ಮ ಪಶ್ಚಿಮ ಕರಾವಳಿಯ ಕೆಸರಲ್ಲಿ ಎಲ್ಲರೂ ಬರೆದದ್ದೇ. ಎಹ್ಲರ್ಸ್ 1901ರಲ್ಲಿ ಅದಕ್ಕೆ ಹೆಸರಿಟ್ಟದ್ದು ಚಿಲಿ ದೇಶದ ಹುಳ ನೋಡಿ. ಜಪಾನಿನ ಯೊಕೊಯಾಮಾ 2007ರಲ್ಲಿ ಆ ಇಡೀ ಕುಲವನ್ನು ಮತ್ತೆ ಪರಿಶೀಲಿಸಿದರು. ಎಲ್ಲ ಸಮುದ್ರಗಳಲ್ಲೂ ಇದೆ ಅಂದುಕೊಂಡಿದ್ದ ಒಂದು ಜಾತಿಯ ಹೆಸರಿನ ಅಡಿಯಲ್ಲಿ ಹಲವು ಜಾತಿಗಳು ಸೇರಿಕೊಂಡಿದ್ದವು. ಕ್ಯಾಪಿಟೆಲ್ಲಾ ಕ್ಯಾಪಿಟಾಟಾ ಅನ್ನುವುದಂತೂ ಇನ್ನೂ ದೂರದ್ದು, 1780ರಲ್ಲಿ ಗ್ರೀನ್‌ಲ್ಯಾಂಡಿನ ಹುಳಕ್ಕೆ ಫ್ಯಾಬ್ರಿಸಿಯಸ್ ಇಟ್ಟ ಹೆಸರು.

ಈ ಕ್ಯಾಪಿಟೆಲ್ಲಾ ವಿಷಯ ಸುಮ್ನೆ ಹೆಸರಿನ ಜಗಳ ಅಲ್ಲ. ಕೊಳಚೆ ಜಾಸ್ತಿಯಾದ ಕಡೆ, ಉಳಿದ ಹುಳಗಳು ಸತ್ತ ಕಡೆ, ಇದು ರಾಶಿ ರಾಶಿ ಸಿಗುತ್ತದೆ. ಹಾಗಾಗಿ ನೀರು ಕೆಟ್ಟಿದೆ ಅನ್ನಲು ಇದನ್ನೇ ಸಾಕ್ಷಿ ಮಾಡುತ್ತಾರೆ. 1976ರಲ್ಲಿ ಗ್ರಾಸಲ್ ದಂಪತಿ ಅಮೆರಿಕದಲ್ಲಿ ಈ 'ಒಂದೇ' ಜಾತಿಯನ್ನು ಕಿಣ್ವಗಳ ಪರೀಕ್ಷೆ ಮಾಡಿ ನೋಡಿದರು. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುವ ಆರು ಜಾತಿಗಳು ಅದರಲ್ಲಿದ್ದವು. ಬದುಕುವ ರೀತಿ, ಮರಿ ಮಾಡುವ ರೀತಿ ಬೇರೆ ಬೇರೆ. ಹಾಗಿದ್ದರೆ ನಮ್ಮ ಅಳಿವೆಯಲ್ಲಿ ಸಿಕ್ಕ ಹುಳಕ್ಕೆ ಗ್ರೀನ್‌ಲ್ಯಾಂಡಿನ ಹೆಸರು ಕೊಟ್ಟು, ಅದರ ಸ್ವಭಾವವನ್ನೂ ಅಲ್ಲಿಂದಲೇ ಎರವಲು ತಂದು, ನಮ್ಮ ನೀರಿನ ಬಗ್ಗೆ ತೀರ್ಪು ಕೊಡುವುದು ಹೇಗೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಪ್ಪು ಹೆಸರು ಅಂದರೆ ಬೇರೆಯವರ ಆಧಾರ್ ಕಾರ್ಡ್ ಇಟ್ಟುಕೊಂಡ ಹಾಗೆ. ಮುಂದೆ ಬರುವವರು ಎಲ್ಲ ಲೆಕ್ಕವನ್ನೂ ಅದರ ಮೇಲೆ ಬರೆಯುತ್ತಾ ಹೋಗುತ್ತಾರೆ.

ಇದೆಲ್ಲ ಗೊತ್ತಿದ್ದೂ ನಾನು ದೊಡ್ಡ ತಪ್ಪೊಂದನ್ನು ಮಾಡಿದೆ. ಅದಕ್ಕೆ ಕಾರಣ ಮೊದಲ ಟ್ರಿಪ್‌ನ ಆ ತುಂಡುಗಳು.

ಪ್ರಿಯೋನೋಸ್ಪಿಯೋ ಅನ್ನುವ ಕುಲದ ಹುಳಗಳು ನನ್ನ ಸ್ಯಾಂಪಲ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ಒಂದೆರಡು ಸೆಂಟಿಮೀಟರ್ ಉದ್ದ, ನೂಲಿನಷ್ಟು ಸಣ್ಣ. ತಲೆಯ ಹಿಂದೆ ಬೆನ್ನಿನ ಮೇಲೆ ಜೋಡಿ ಜೋಡಿ ಕಿವಿರು. ಕೆಲವು ಕಿವಿರು ನುಣುಪು, ಕೆಲವು ಹಕ್ಕಿಯ ಗರಿಯ ಹಾಗೆ ಎಳೆ ಎಳೆ. ಯಾವ ಜೋಡಿ ನುಣುಪು, ಯಾವ ಜೋಡಿ ಗರಿ, ಒಟ್ಟು ಎಷ್ಟು ಜೋಡಿ ಅನ್ನುವುದರ ಮೇಲೆ ಜಾತಿ ಗೊತ್ತಾಗುತ್ತದೆ. ನಾನು ಎಣಿಸಿದಾಗ ಮೂರು ಜೋಡಿ. ಮೊದಲನೆಯದು ಗರಿ, ಎರಡು ಮತ್ತು ಮೂರು ನುಣುಪು. ಅದರ ಪ್ರಕಾರ ಕೀಯಲ್ಲಿ ಮುಂದೆ ಹೋದೆ, ಒಂದು ಹೆಸರು ಸಿಕ್ಕಿತು, 38 ಹುಳಗಳಿಗೆ ಅದೇ ಹೆಸರು ಬರೆದು ಡಬ್ಬಿಗೆ ಹಾಕಿದೆ. ಲೆಕ್ಕ ಹಾಕಿದೆ, ಗ್ರಾಫ್ ಕೂಡ ಮಾಡಿದೆ.

ಮೂರು ವಾರ ಆದ ಮೇಲೆ, ಎರಡನೇ ಟ್ರಿಪ್‌ನ ಹುಳ ನೋಡುವಾಗ ಒಂದರಲ್ಲಿ ನಾಲ್ಕು ಜೋಡಿ ಕಂಡಿತು. ನಾಲ್ಕನೆಯದು ಮತ್ತೆ ಗರಿಯ ಥರ. ಉಳಿದದ್ದೆಲ್ಲ ಒಂದೇ. ಮನಸ್ಸಿಗೆ ಚುಚ್ಚಿದ ಹಾಗಾಯಿತು. ಹಳೆಯ ಡಬ್ಬಿ ತೆಗೆದೆ. ಒಂದು ಹುಳವನ್ನು ಮಿಥೈಲ್ ಗ್ರೀನ್ ಬಣ್ಣದಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಳೆದು ನೋಡಿದೆ. ಬಿರುಗೂದಲಿನ ಉಂಗುರಗಳನ್ನು ಮುಂದಿನಿಂದ ಎಣಿಸಿದೆ. ಎರಡು, ಮೂರು, ನಾಲ್ಕರಲ್ಲಿ ಕಿವಿರು. ಐದರಲ್ಲಿ, ಎರಡೂ ಪಕ್ಕದಲ್ಲಿ, ಸಣ್ಣ ದುಂಡನೆಯ ಕಲೆ. ಎಲೆ ಉದುರಿದ ಮೇಲೆ ಟೊಂಗೆಯ ಮೇಲೆ ಉಳಿಯುತ್ತದಲ್ಲ, ಅಂಥದ್ದು. ಆ ಜೋಡಿ ಉದುರಿ ಹೋಗಿತ್ತು. ಫಾರ್ಮಲಿನ್‌ನಲ್ಲಿ ಒದ್ದಾಡಿದಾಗಲೋ, ಜರಡಿಯಲ್ಲೋ. ನಾನು ಇಲ್ಲದ್ದನ್ನು 'ಇಲ್ಲ' ಅಂತ ಬರೆದಿದ್ದೆ. 'ಉದುರಿದೆ' ಅನ್ನುವ ಸಾಧ್ಯತೆಯನ್ನು ನೋಡಿರಲೇ ಇಲ್ಲ.

38ನ್ನೂ ಮತ್ತೆ ನೋಡಿದೆ. ನಾಲ್ಕು ದಿನ ಹಿಡಿಯಿತು. 31ರಲ್ಲಿ ಕಲೆ ಸ್ಪಷ್ಟವಾಗಿ ಕಂಡಿತು. ಏಳರಲ್ಲಿ ಮುಂಭಾಗವೇ ಹಾಳಾಗಿತ್ತು. ಆ ಏಳನ್ನು ಕುಟುಂಬದ ಹೆಸರಲ್ಲಿ ಮಾತ್ರ ಬರೆದೆ. ಮೇಡಂ ಬೈಯಲಿಲ್ಲ. "ಇದನ್ನ ಥೀಸಿಸ್‌ನಲ್ಲಿ ಬರಿ. ಮುಂದಿನವರು ಕಲೆ ಹುಡುಕ್ತಾರೆ," ಅಂದರು. ಬರೆದೆ.

ಹೆಸರಿನ ಕೆಲಸ ಒಂದು ಕಡೆಯಾದರೆ, ಇವೆಲ್ಲವನ್ನೂ ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದು ಇನ್ನೊಂದು. ಡೇ ಪುಸ್ತಕದ ಎರಡು ಭಾಗಗಳ ಹೆಸರೇ ಎರ್ರಾಂಷಿಯಾ, ಸೆಡೆಂಟೇರಿಯಾ. ಅಲೆಯುವವು, ಕೂತವು. ಅಲೆದು ಬೇಟೆಯಾಡುವ ನೆರೀಡಿಡ್‌ಗಳು ಮೊದಲ ಭಾಗದಲ್ಲಿ, ಗೂಡಲ್ಲೇ ಇದ್ದು ತಿನ್ನುವವು ಎರಡನೆಯದರಲ್ಲಿ. ಕಲಿಯುವವರಿಗೆ ಸುಲಭ. ಆದರೆ ಇದು ನೆಂಟಸ್ತನ ಅಲ್ಲ, ಬರೀ ಅನುಕೂಲದ ವಿಂಗಡಣೆ ಅಂತ ಆಮೇಲಿನವರು ಕೈಬಿಟ್ಟರು. 1997ರಲ್ಲಿ ರೌಸ್ ಮತ್ತು ಫೌಚಾಲ್ಡ್ ಮೈಯ ಲಕ್ಷಣಗಳನ್ನೆಲ್ಲ ಸೇರಿಸಿ ಬೇರೆಯೇ ವಂಶದ ಮರ ಬರೆದರು. 2011ರಲ್ಲಿ ಸ್ಟ್ರಕ್ ಮತ್ತು ಜೊತೆಗಾರರು ನೂರಾರು ಜೀನ್‌ಗಳನ್ನು ಹೋಲಿಸಿ ನೋಡಿದಾಗ, ಆ ಹಳೆಯ ಎರಡು ಗುಂಪುಗಳೇ ಸ್ವಲ್ಪ ಬದಲಾಗಿ ಮತ್ತೆ ಎದ್ದು ಬಂದವು.

ಅದೇ ಮರದಲ್ಲಿ ನನ್ನ ಕಣ್ಣು ನೆಟ್ಟದ್ದು ಒಂದು ಕೊಂಬೆಯ ಮೇಲೆ. ಸೆಡೆಂಟೇರಿಯಾದ ಒಳಗೆ, ಸಮುದ್ರದ ಬಿರುಗೂದಲಿನ ಹುಳಗಳ ನಡುವೆ, ಎರೆಹುಳ ಮತ್ತು ಜಿಗಣೆ. ಪಕ್ಕದಲ್ಲಲ್ಲ, ಒಳಗೆ. ಅಂದರೆ ಪಾಲಿಕೀಟ್ ಅನ್ನುವುದನ್ನು ಎರೆಹುಳ ಬಿಟ್ಟು ಒಂದು ಪೂರ್ಣ ವಂಶ ಅನ್ನಲು ಆಗುವುದಿಲ್ಲ. ಸಮುದ್ರದ ಹುಳಗಳ ಒಂದು ಕವಲು ಸಿಹಿನೀರಿಗೆ, ನೆಲಕ್ಕೆ ಬಂದಿದೆ, ಬಿರುಗೂದಲು ಕಡಿಮೆಯಾಗಿದೆ, ಹುಟ್ಟುಗಳು ಹೋಗಿವೆ. ಎರೆಹುಳದ ಮೈಮೇಲೆ ಬೆರಳನ್ನು ಹಿಂದಿನಿಂದ ಮುಂದಕ್ಕೆ ಆಡಿಸಿದರೆ ಸಣ್ಣಗೆ ಗರಗರ ಅನ್ನುತ್ತದೆ. ಆ ಉಳಿದ ಕೂದಲೇ ಅದು.

ಅವತ್ತು ರಾತ್ರಿ ಅಪ್ಪನಿಗೆ ನಾನೇ ಫೋನ್ ಮಾಡಿದೆ. ಅವತ್ತು ನಾನು ಬೇರೆ ಅಂದಿದ್ದು ತಪ್ಪಾಗಿತ್ತಪ್ಪಾ, ನಮ್ಮ ಹೊಲದ ಎರೆಹುಳ ಇವುಗಳ ಮನೆತನದ್ದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅವು ಸಮುದ್ರದಿಂದ ಬಂದಾವೇನು?" ಅಂದರು. ಹೌದು ಅಂದೆ. "ಅಬಾ, ಎಷ್ಟ್ ದೂರದಿಂದ ಬಂದಾವವಾ," ಅಂದರು.

ಥೀಸಿಸ್‌ಗೆ ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಷೀಸ್ ಅನ್ನುವ, ಸಮುದ್ರಜೀವಿಗಳ ಹೆಸರಿನ ಜಾಗತಿಕ ಪಟ್ಟಿಯಲ್ಲಿ ಸದ್ಯ ಒಪ್ಪಿದ ಹೆಸರುಗಳನ್ನೇ ಹಿಡಿದೆ. ಕೊನೆಗೆ ನನ್ನ ಪಟ್ಟಿಯಲ್ಲಿ 27 ಬಗೆಯ ಹುಳ. ಅದರಲ್ಲಿ ಪೂರ್ತಿ ಹೆಸರು ಕೊಟ್ಟದ್ದು 11ಕ್ಕೆ. ಉಳಿದದ್ದಕ್ಕೆಲ್ಲ ಕುಲದ ಹೆಸರು ಬರೆದು ಮುಂದೆ 'ಎಸ್‌ಪಿ.' ಅಂತ ಹಾಕಿದೆ, ಅಂದರೆ ಸ್ಪೀಷೀಸ್, ಯಾವ ಜಾತಿ ಅಂತ ಇನ್ನೂ ಗೊತ್ತಿಲ್ಲ ಅಂತ. ಪೆರಿನೆರೀಸ್ ಎಸ್‌ಪಿ. 1. ಕ್ಯಾಪಿಟೆಲ್ಲಾ ಎಸ್‌ಪಿ. 1. ಗೆಳತಿಯೊಬ್ಬಳು, "ಇಷ್ಟೊಂದು ಎಸ್‌ಪಿ. ಇದ್ರೆ ಕೆಲಸ ಮಾಡಿಲ್ಲ ಅಂದ್ಕೋತಾರೆ ಕಣೇ," ಅಂದಳು. ನನಗೂ ಆ ಭಯ ಇತ್ತು. ಆದರೂ ಹಾಗೇ ಬಿಟ್ಟೆ. ಜೊತೆಗೆ ಪ್ರತಿ ಎಸ್‌ಪಿ.ಗೂ ಚಿತ್ರ ಬರೆದೆ, ಮುಳ್ಳುಗಳ ಲೆಕ್ಕ, ಕಿವಿರಿನ ಲೆಕ್ಕ, ಸಿಕ್ಕ ಜಾಗ ಬರೆದೆ. ವೈವಾದಲ್ಲಿ ಪರೀಕ್ಷಕರು ಆ ಚಿತ್ರಗಳ ಪುಟದಲ್ಲೇ ತುಂಬಾ ಹೊತ್ತು ನಿಂತರು. ಈ ಪೆರಿನೆರೀಸ್‌ನ ಡಿಎನ್‌ಎ ಮಾಡಿದ್ದೀಯಾ ಅಂತ ಕೇಳಿದರು. ಇಲ್ಲ ಸರ್, ಎಲ್ಲಾ ಫಾರ್ಮಲಿನ್‌ನಲ್ಲಿದೆ ಅಂದೆ. ಫಾರ್ಮಲಿನ್‌ನಲ್ಲಿ ಇಟ್ಟ ಹುಳದ ಡಿಎನ್‌ಎ ಚೂರುಚೂರಾಗಿರುತ್ತದೆ, ಓದುವುದು ತುಂಬಾ ಕಷ್ಟ.

ಮದ್ರಾಸಿನ ಮಾರ್ಫೀಸಾಗೆ ಅದರದೇ ಹೆಸರು ಸಿಕ್ಕಿದ್ದು 2020ರಲ್ಲಿ. ಪ್ಯಾಟ್ ಹಚಿಂಗ್ಸ್ ಮತ್ತು ಜೊತೆಗಾರರು ಚೆನ್ನೈ ಕಡೆಯ ಹುಳವನ್ನು ಕೂತು ಹೋಲಿಸಿ, ಇದು ಬೇರೆ ಜಾತಿ ಅಂತ ತೋರಿಸಿ, ಮಾರ್ಫೀಸಾ ಮದ್ರಾಸಿ ಅಂತ ಹೆಸರಿಟ್ಟರು. ಆ ಪೇಪರ್‌ನ ಮೊದಲ ಪುಟವನ್ನು ನಾನು ಮೈಕ್ರೋಸ್ಕೋಪಿನ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದೆ.

ವೈವಾ ಮುಗಿದ ವಾರ, ಊರಿಗೆ ಹೊರಡುವ ಮೊದಲು, ಒಂದು ಸಲ ಸುಂಕೇರಿಗೆ ಹೋದೆ. ಇಳಿತದ ಹೊತ್ತು. ಅದೇ ದೋಣಿಯ ಅಣ್ಣ ಕಲ್ಲುಗಳ ಹತ್ತಿರ ನಿಲ್ಲಿಸಿದ. ಈ ಸಲ ಬ್ಯಾಗಿನಲ್ಲಿ ಫಾರ್ಮಲಿನ್ ಇರಲಿಲ್ಲ. ಶುದ್ಧ ಆಲ್ಕೋಹಾಲ್ ತುಂಬಿದ 20 ಸಣ್ಣ ಬಾಟಲಿ ಇತ್ತು, ನನ್ನ ಜೂನಿಯರ್ ಹುಡುಗಿಗೆ ಕೊಟ್ಟು ಹೋಗಲು.

"ಹುಳದ ಹೆಸರು ಸಿಕ್ತಾ ತಂಗಿ?" ಅಂದ.

"ಅರ್ಧ ಸಿಕ್ಕಿದೆ ಅಣ್ಣ."

"ಅರ್ಧ ಅಂದ್ರೆ?"

"ಅಡ್ಡಹೆಸರು ಗೊತ್ತಾಯ್ತು. ಇದರ ಸ್ವಂತ ಹೆಸರು ಇನ್ನೂ ಗೊತ್ತಿಲ್ಲ."

ಅವನು ತಲೆ ಆಡಿಸಿ, ಹುಟ್ಟನ್ನು ಕೆಸರಿಗೆ ಊರಿ ದೋಣಿ ಅಲುಗದ ಹಾಗೆ ಹಿಡಿದ. ನಾನು ಸಿಂಪಿಯ ಒಂದು ಗೊಂಚಲು ಬಿಡಿಸಿದೆ. ಸಂದಿಯಲ್ಲಿ ಹಸಿರು ಮೈ ಮಿಂಚಿತು. ಚಿಮಟ ಬಿಟ್ಟು ಕುಂಚದಿಂದ ಅದನ್ನು ಮೆಲ್ಲಗೆ ಎತ್ತಿ, ಮೊದಲು ಮೆಗ್ನೀಸಿಯಂ ಕ್ಲೋರೈಡ್ ನೀರಿಗೆ ಬಿಟ್ಟೆ. ಕಾಯುತ್ತಾ ಕೂತು, ಪೆನ್ಸಿಲ್‌ನಿಂದ ಲೇಬಲ್ ಬರೆದೆ: ಪೆರಿನೆರೀಸ್ ಎಸ್‌ಪಿ. 1, ಸುಂಕೇರಿ, ಕಾಳಿ ಅಳಿವೆ.